ಹೃದಯದ ಗಂಟು ಎಲ್ಲಿದೆ? ಒಂದು ವಾರದ ಆತ್ಮಪರಿಶೋಧನೆಗೆ ಮಾರ್ಗದರ್ಶಿ

ಬಾಗಲಕೋಟೆಯ ನವನಗರ, ಗುಳೇದಗುಡ್ಡ, ವಿಜಯಪುರ, ಬೆಳಗಾವಿಯ ಕ್ಯಾಂಪ್ ಹೀಗೆ ಎಲ್ಲೆಡೆಯ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ‘ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತೇನೆ, ದಶಮಾಂಶ ಕೊಡುತ್ತೇನೆ, ಉಪವಾಸವನ್ನೂ ಮಾಡುತ್ತೇನೆ. ಆದರೂ ದೇವರೇ ನನಗೆ ಎಲ್ಲಕ್ಕಿಂತ ಮೊದಲು ಎಂದು ಎದೆ ಮುಟ್ಟಿಕೊಂಡು ಹೇಳಲು ಆಗುತ್ತಿಲ್ಲ. ಇದನ್ನು ಹೇಗೆ ತಿಳಿದುಕೊಳ್ಳುವುದು?’ ಇನ್ನು ಕೆಲವರು ಇದನ್ನೇ ತಿರುಗಿಸಿ ಕೇಳುತ್ತಾರೆ: ‘ನನ್ನಲ್ಲಿ ಇರುವುದೇ ಇಷ್ಟು, ಐಶ್ವರ್ಯದ ಕುರಿತ ಬೋಧನೆ ನನಗೇಕೆ?’ ಇಬ್ಬರಿಗೂ ದಾರಿ ಒಂದೇ.

ಇದಕ್ಕೆ ಒಂದು ವಾರ ಸಾಕು. ಆದರೆ ಪ್ರಾಮಾಣಿಕವಾದ ವಾರವಾಗಿರಬೇಕು.

ಮೊದಲು ಒಂದು ವಚನ

ಎಲ್ಲಕ್ಕೂ ಆಧಾರ ಮತ್ತಾಯ 6:19ರಿಂದ 21. ಭೂಮಿಯ ಮೇಲೆ ಗಂಟು ಮಾಡಿಟ್ಟುಕೊಳ್ಳಬೇಡಿ, ಇಲ್ಲಿ ನುಸಿಯೂ ಕಿಲುಬೂ ಹತ್ತುತ್ತವೆ, ಕಳ್ಳರು ಕನ್ನ ಕೊರೆಯುತ್ತಾರೆ ಎಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಹೇಳುತ್ತಾನೆ. ಆ ಕಾಲದ ಪ್ಯಾಲೆಸ್ತೀನಿನಲ್ಲಿ ಬೆಲೆಬಾಳುವ ಬಟ್ಟೆಯೂ ಆಸ್ತಿಯೇ ಆಗಿತ್ತು. ಮನೆಯ ಗೋಡೆಗಳು ಹೆಚ್ಚಾಗಿ ಮಣ್ಣಿನವು, ಕನ್ನ ಕೊರೆಯುವುದು ಕಷ್ಟವಿರಲಿಲ್ಲ. ಇಳಕಲ್ ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಕಾಪಾಡಿದ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಹಾಗಾಗಿ ಈ ವಚನ ನಮಗೆ ದೂರದ್ದಲ್ಲ.

21ನೆಯ ವಚನದಲ್ಲಿ ಮಾತಿನ ಕ್ರಮವನ್ನು ಗಮನಿಸಿ. ನಿನ್ನ ಮನಸ್ಸು ಎಲ್ಲಿದೆಯೋ ಅಲ್ಲಿ ನಿನ್ನ ಗಂಟು ಇರುತ್ತದೆ ಎಂದು ಅಲ್ಲಿ ಹೇಳಿಲ್ಲ. ಗಂಟು ಎಲ್ಲಿದೆಯೋ ಮನಸ್ಸು ಅಲ್ಲಿರುತ್ತದೆ ಎಂದಿದೆ. ಗಂಟು ಎಂಬುದು ಎತ್ತು ಇದ್ದಂತೆ, ಮನಸ್ಸು ಅದರ ಹಿಂದೆ ಬರುವ ಗಾಡಿ. ಮನಸ್ಸು ಮೊದಲು ಶುದ್ಧವಾಗಲಿ, ಆಮೇಲೆ ಕೈ ಬಿಚ್ಚುತ್ತೇನೆ ಎಂದು ಕಾದು ಕುಳಿತವರು ವರ್ಷಗಟ್ಟಲೆ ಕಾದೇ ಇರುತ್ತಾರೆ. ಪರಿಶೋಧನೆಗೂ ತಿದ್ದುಪಡಿಗೂ ಹಿಡಿ ಇರುವುದು ಈ ಕ್ರಮದಲ್ಲೇ: ಮನಸ್ಸನ್ನು ನೇರವಾಗಿ ನೋಡಲಾಗದು, ಗಂಟನ್ನು ನೋಡಬಹುದು, ಮನಸ್ಸನ್ನು ಎತ್ತಿ ಇಡಲಾಗದು, ಗಂಟನ್ನು ಎತ್ತಿ ಇಡಬಹುದು.

ಇಲ್ಲಿ ಗಂಟು ಎಂದರೆ ಹಣವಷ್ಟೇ ಅಲ್ಲ. ಯಾವುದನ್ನು ಕಳೆದುಕೊಂಡರೆ ಬದುಕೇ ಮುಗಿಯಿತು ಎನಿಸುತ್ತದೋ, ಯಾವುದು ಸಿಕ್ಕರೆ ಇನ್ನೇನೂ ಬೇಡ ಎನಿಸುತ್ತದೋ ಅದು ಗಂಟು.

ಬೇಕಾಗುವ ಸಾಮಗ್ರಿ

ಒಂದು ಸಾದಾ ನೋಟ್‌ಪುಸ್ತಕ, ಪೆನ್ನು, ಸತ್ಯವೇದ. ಬ್ಯಾಂಕಿನ ಅಥವಾ ಸೊಸೈಟಿಯ ಪಾಸ್‌ಬುಕ್. ಮೊಬೈಲಿನಲ್ಲಿ ಹಣ ಕಳಿಸುವ ರೂಢಿ ಇದ್ದರೆ ಕಳೆದ ಮೂರು ತಿಂಗಳ ವಿವರ. ಪಿಗ್ಮಿ ಪುಸ್ತಕ, ಭಿಶಿಯ ಲೆಕ್ಕ, ಸ್ವಸಹಾಯ ಸಂಘದ ಕಂತಿನ ಚೀಟಿ ಏನಿದ್ದರೂ ತೆಗೆದಿಟ್ಟುಕೊಳ್ಳಿ. ಮೊದಲ ದಿನ ಒಂದು ತಾಸು, ನಂತರದ ದಿನಗಳಲ್ಲಿ ಸಂಜೆ ಹದಿನೈದು ನಿಮಿಷ ಬೇಕು. ಕೊನೆಯ ಹೊತ್ತಿಗೆ ಗುಟ್ಟು ಕಾಯುವ ಒಬ್ಬ ವ್ಯಕ್ತಿಯೂ ಬೇಕು. ಅವರು ಯಾರು ಎಂದು ಈಗಲೇ ಯೋಚಿಸಿಡಿ.

ಯಾವ ವಾರ ಎಂಬ ಪ್ರಶ್ನೆಗೆ ಬಹಳ ಜನ ತಪಸ್ಸುಕಾಲ ಎನ್ನುತ್ತಾರೆ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಲೆಂಟ್ ಕಾಲ. ಅದು ಒಳ್ಳೆಯದೇ. ಕರ್ತನ ಭೋಜನಕ್ಕೆ ಮುಂಚೆ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂದು ಪೌಲನೂ ಹೇಳಿದ್ದಾನೆ (1 ಕೊರಿಂಥ 11:28). ಆದರೆ ನನ್ನ ಸಲಹೆ ಬೇರೆ. ಹಣ ಕೈಗೆ ಬಂದ ವಾರವನ್ನು ಆರಿಸಿಕೊಳ್ಳಿ. ಮುಧೋಳ, ಜಮಖಂಡಿ ಕಡೆಯವರಿಗೆ ಕಬ್ಬಿನ ಬಿಲ್ಲು ಜಮಾ ಆದ ವಾರ, ನೌಕರರಿಗೆ ಸಂಬಳದ ವಾರ, ಮದುವೆ ಮನೆಯವರಿಗೆ ಜವಳಿ ತರುವ ವಾರ. ಉಪವಾಸದ ದಿನಗಳಲ್ಲಿ ಹೃದಯ ಶಿಸ್ತಿನಿಂದ ಕೂತಿರುತ್ತದೆ. ಕೈ ತುಂಬಿದಾಗ ಅದರ ನಿಜಬಣ್ಣ ಕಾಣುತ್ತದೆ.

ಹಂತ 1: ಪರೀಕ್ಷಕ ಯಾರು ಎಂಬುದನ್ನು ನಿರ್ಧರಿಸಿಕೊಳ್ಳಿ

ಹೃದಯವು ಎಲ್ಲಕ್ಕಿಂತ ವಂಚಕವಾದದ್ದು ಎಂದು ಯೆರೆಮೀಯನು ಹೇಳುತ್ತಾನೆ (17:9). ಹೀಗಿರುವಾಗ ‘ನೀನು ಯಾರನ್ನು ಹೆಚ್ಚು ಪ್ರೀತಿಸುತ್ತೀ?’ ಎಂದು ಹೃದಯವನ್ನೇ ಕೇಳಿದರೆ ಅದು ಭಾನುವಾರ ಕಲಿತ ಉತ್ತರವನ್ನೇ ಒಪ್ಪಿಸುತ್ತದೆ. ಆದ್ದರಿಂದ ಕೀರ್ತನೆ 139ರ ಕೊನೆಯ ಎರಡು ವಚನಗಳನ್ನು ಗಟ್ಟಿಯಾಗಿ ಓದಿ. ದೇವರೇ, ನನ್ನನ್ನು ಪರೀಕ್ಷಿಸು ಎಂಬ ಬೇಡಿಕೆ ಅದು. ಪರೀಕ್ಷಿಸುವವನು ದೇವರು, ನೀವು ದಾಖಲೆಗಳನ್ನು ತಂದು ಮುಂದಿಡುವವರು. ದೀರ್ಘ ಪ್ರಾರ್ಥನೆ ಬೇಕಿಲ್ಲ.

ಇಲ್ಲಿ ಜನ ಎಡವುವುದು ಒಂದೇ ಕಡೆ: ಗಂಡ ಹೆಂಡತಿಯ ಹೃದಯವನ್ನು, ಹೆಂಡತಿ ಗಂಡನ ಹೃದಯವನ್ನು, ಅತ್ತೆ ಸೊಸೆಯ ಹೃದಯವನ್ನು ಪರೀಕ್ಷಿಸಲು ಕೂರುತ್ತಾರೆ. ಪುಸ್ತಕದಲ್ಲಿ ಬೇರೆಯವರ ಹೆಸರು ಬಂದರೆ ಆ ಸಾಲನ್ನು ಹೊಡೆದು ಹಾಕಿ ಮುಂದೆ ಹೋಗಿ.

ಹಂತ 2: ಹಣದ ಜಾಡು ಹಿಡಿಯಿರಿ

ಈ ಹಂತಕ್ಕೆ ಅವಸರ ಬೇಡ. ಒಂದು ಪುಟದಲ್ಲಿ ಮೂರು ಕಾಲಮ್ ಎಳೆಯಿರಿ.

ಮೊದಲನೆಯದರಲ್ಲಿ ಬೇರೆ ದಾರಿ ಇಲ್ಲದ ಖರ್ಚು: ಬಾಡಿಗೆ, ರೇಷನ್, ಕರೆಂಟ್ ಬಿಲ್, ಶಾಲೆಯ ಫೀ, ಔಷಧ, ಸಾಲದ ಕಂತು. ಎರಡನೆಯದರಲ್ಲಿ ಸಂಬಂಧಕ್ಕಾಗಿ, ಕರ್ತವ್ಯಕ್ಕಾಗಿ ಕೊಟ್ಟದ್ದು: ಕಾಣಿಕೆ, ದಶಮಾಂಶ, ಬಂಧುಗಳ ಮದುವೆಯ ಆಹೇರಿ, ಊರಿನ ವಂತಿಗೆ. ದಶಮಾಂಶ ಎಂದರೆ ಆದಾಯದ ಹತ್ತರಲ್ಲಿ ಒಂದು ಪಾಲು. ಮೂರನೆಯದರಲ್ಲಿ ಯಾರೂ ಕೇಳದೆ, ಯಾರೂ ಒತ್ತಾಯಿಸದೆ ನೀವಾಗಿಯೇ ಮಾಡಿದ ಖರ್ಚು.

ಮೊದಲ ಕಾಲಮ್ಮು ನಿಮ್ಮ ಪರಿಸ್ಥಿತಿಯನ್ನು ಹೇಳುತ್ತದೆ. ಎರಡನೆಯದು ನಿಮ್ಮ ಸಮಾಜವನ್ನು. ಹೃದಯದ ಅಕ್ಷರ ಇರುವುದು ಮೂರನೆಯದರಲ್ಲಿ. ಕಾಣಿಕೆಯನ್ನು ನಾನು ಬೇಕೆಂದೇ ಎರಡನೆಯ ಕಾಲಮ್ಮಿಗೆ ಹಾಕಿದ್ದೇನೆ. ಅದರ ಮೊತ್ತ ನೋಡಿ ಹೃದಯವನ್ನು ಅಳೆಯುವುದು ಈ ಪರಿಶೋಧನೆಯ ಅತಿ ದೊಡ್ಡ ಮೋಸ. ದೇವಾಲಯದ ಬೊಕ್ಕಸದ ಎದುರು ಕುಳಿತ ಯೇಸು ಸಿರಿವಂತರು ಹಾಕಿದ ಮೊತ್ತಕ್ಕೆ ತಲೆದೂಗಲಿಲ್ಲ, ಎರಡು ಕಾಸು ಹಾಕಿದ ವಿಧವೆಯನ್ನು ಗುರುತಿಸಿದನು (ಮಾರ್ಕ 12:41-44). ಕೊಟ್ಟ ಮೇಲೆ ಕೈಯಲ್ಲಿ ಏನು ಉಳಿಯಿತು ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿದನು.

ಈಗ ಮೂರನೆಯ ಕಾಲಮ್ಮಿನ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ. ಖರ್ಚು ಮಾಡುವಾಗ ಚೌಕಾಸಿ ಮಾಡಿದಿರಾ, ಇಲ್ಲವೆ ಹಿಂದೆ ಮುಂದೆ ನೋಡದೆ ಕೊಟ್ಟಿರಾ? ಒಂದು ಉದಾಹರಣೆ ನೋಡಿ. ಮನೆ ಕಟ್ಟಿಸುತ್ತಿರುವವರು ಬನಶಂಕರಿ ಜಾತ್ರೆಗೆ ಹೋಗಿ ತಲೆಬಾಗಿಲಿನ ಚೌಕಟ್ಟು ಕೊಳ್ಳುತ್ತಾರೆ. ಸಾಗವಾನಿ, ಮೇಲೆ ಬಳ್ಳಿಯ ಕೆತ್ತನೆ. ಅಂಗಡಿಯವನು ಹೇಳಿದ ದರಕ್ಕೆ ಎರಡನೆಯ ಮಾತಿಲ್ಲ, ಸಾಗಾಟದ ಬಾಡಿಗೆಯೂ ಬೇರೆ. ಅದೇ ವಾರ ಗಾರೆ ಕೆಲಸದವನು ಕೂಲಿ ಹೆಚ್ಚಿಸಿ ಎಂದರೆ ಅರ್ಧ ತಾಸು ವಾದ. ಒಂದೇ ಮನೆ, ಒಂದೇ ಕೈ. ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು? ಚೌಕಟ್ಟು ಕೊಂಡದ್ದು ತಪ್ಪೆಂದು ಹೇಳುತ್ತಿಲ್ಲ. ಜಾತ್ರೆಯ ಬಾಗಿಲುಗಳು ನಿಜಕ್ಕೂ ಚೆನ್ನಾಗಿರುತ್ತವೆ. ದೇವಾಲಯ ಹಾಳುಬಿದ್ದಿರುವಾಗ ನೀವು ಹಲಗೆ ಹೊದಿಸಿದ ಮನೆಗಳಲ್ಲಿ ವಾಸಿಸುತ್ತೀರಾ ಎಂದು ಕೇಳಿದ ಪ್ರವಾದಿ ಹಗ್ಗಾಯನೂ ಮನೆಯನ್ನು ಕೆಡವಿರಿ ಎನ್ನಲಿಲ್ಲ, ನಿಮ್ಮ ಮಾರ್ಗಗಳನ್ನು ಆಲೋಚಿಸಿಕೊಳ್ಳಿರಿ ಎಂದನು (1:4-7). ಈ ಹಂತದಲ್ಲಿ ನಿಮ್ಮ ಕೆಲಸವೂ ಅಷ್ಟೇ. ತೀರ್ಪು ಬೇಡ, ಗುರುತು ಹಾಕಿ.

ಮೂರನೆಯ ಕಾಲಮ್ಮು ಖಾಲಿ ಇರುವವರೂ ಇದ್ದಾರೆ. ಬಂದದ್ದೆಲ್ಲ ಮೊದಲ ಕಾಲಮ್ಮಿಗೇ ಸಾಲುವುದಿಲ್ಲ. ಅಂಥವರು ಇನ್ನೊಂದು ಪ್ರಶ್ನೆ ಬರೆದುಕೊಳ್ಳಲಿ: ನಾಳೆ ಯಾರೋ ಒಂದು ಲಕ್ಷ ರೂಪಾಯಿ ತಂದು ಕೊಟ್ಟರೆ ಮೊದಲು ಹೊಳೆಯುವುದು ಏನು? ಸಾಲ ತೀರಿಸುವುದು ಎಂದರೆ ಅದು ಅಗತ್ಯ, ಬಿಟ್ಟುಬಿಡಿ. ಅದರ ನಂತರ ಹೊಳೆದದ್ದನ್ನು ಬರೆಯಿರಿ.

ಕೂಡಿಟ್ಟ ಹಣದ ಬಗ್ಗೆ ಒಂದು ಮಾತು. ಉಳಿತಾಯವೆಲ್ಲ ಅಪನಂಬಿಕೆ ಎಂದು ಹೇಳುವ ಬೋಧಕರಿದ್ದಾರೆ, ನಾನು ಒಪ್ಪುವುದಿಲ್ಲ. ಇರುವೆಯ ಬಳಿಗೆ ಹೋಗಿ ಕಲಿ ಎಂದು ಜ್ಞಾನೋಕ್ತಿಯೇ ಹೇಳುತ್ತದೆ (6:6-8). ಮಗಳ ಓದಿಗೆ, ಮುಪ್ಪಿಗೆ, ಆಸ್ಪತ್ರೆಗೆ ಎಂದು ಗುರಿ ಇರುವ ಉಳಿತಾಯ ಬೇರೆ. ಎಷ್ಟಾದರೆ ಸಾಕು ಎಂಬ ಅಂಕಿಯೇ ಇಲ್ಲದ ಉಳಿತಾಯ ಬೇರೆ. ಪಾಸ್‌ಬುಕ್ಕಿನ ಕೊನೆಯ ಮೊತ್ತದ ಪಕ್ಕದಲ್ಲಿ ‘ಎಷ್ಟಾದರೆ ಸಾಕು?’ ಎಂದು ಬರೆದು ಉತ್ತರಿಸಲು ಪ್ರಯತ್ನಿಸಿ. ಉತ್ತರ ಬಾರದಿದ್ದರೆ ಅದನ್ನೂ ಗುರುತಿಸಿ.

ಹಂತ 3: ಖಾಲಿ ಹೊತ್ತಿನ ಜಾಡು

ಇದು ಸಣ್ಣ ಹಂತ. ಕೈಗೆ ಕೆಲಸವಿಲ್ಲದಾಗ ಮನಸ್ಸು ತಾನಾಗಿ ಎಲ್ಲಿಗೆ ಓಡುತ್ತದೆ ಎಂದು ಎರಡು ದಿನ ಗಮನಿಸಿ. ಬಸ್ ಕಾಯುವಾಗ, ಪಡಿತರ ಅಂಗಡಿಯ ಸಾಲಿನಲ್ಲಿ, ನಿದ್ದೆ ಹತ್ತುವ ಮುಂಚೆ, ಪ್ರಸಂಗದ ನಡುವೆ. ಪ್ರಸಂಗದ ನಡುವೆ ಓಡಿದ್ದನ್ನು ನಾಚಿಕೆ ಇಲ್ಲದೆ ಬರೆಯಿರಿ, ಬಹಳ ಉಪಯೋಗಕ್ಕೆ ಬರುತ್ತದೆ. ದಿನಕ್ಕೆ ಮೂರು ನಾಲ್ಕು ಶಬ್ದ ಸಾಕು: ಪ್ಲಾಟು, ಮಗನ ನೌಕರಿ, ಆ ಮನುಷ್ಯ ಆಡಿದ ಮಾತು, ಮೊಬೈಲಿನಲ್ಲಿ ಎಷ್ಟು ಜನ ಮೆಚ್ಚಿದರು ಎಂಬುದು.

ಹಂತ 4: ಭಯ ಮತ್ತು ಸಿಟ್ಟನ್ನು ಕೇಳಿ

ಗಂಟು ಎಲ್ಲಿದೆ ಎಂಬುದನ್ನು ಪ್ರೀತಿಗಿಂತ ಬೇಗ ತೋರಿಸಿಕೊಡುವುದು ಸಿಟ್ಟು. ಪ್ರೀತಿಯನ್ನು ನಟಿಸಬಹುದು, ಸಿಟ್ಟು ನಮ್ಮನ್ನು ಕೇಳಿ ಬರುವುದಿಲ್ಲ. ಪುಸ್ತಕದಲ್ಲಿ ಎರಡು ಪ್ರಶ್ನೆ ಬರೆಯಿರಿ. ಕಳೆದ ಆರು ತಿಂಗಳಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಯಾರು ಏನನ್ನು ಮುಟ್ಟಿದಾಗ? ರಾತ್ರಿ ಎಚ್ಚರವಾದಾಗ ಏನು ಹೋಗಿಬಿಟ್ಟೀತು ಎಂಬ ಅಂಜಿಕೆ?

ನಮ್ಮ ಭಾಗದ ಅನೇಕ ಮನೆಗಳಲ್ಲಿ ಮೊದಲ ಪ್ರಶ್ನೆಗೆ ಉತ್ತರ ಆಸ್ತಿಯ ಪಾಲು. ಆಲಮಟ್ಟಿಯ ಹಿನ್ನೀರಿಗೆ ಮನೆ, ಹೊಲ ಕೊಟ್ಟ ಕುಟುಂಬಗಳು ಬಾಗಲಕೋಟೆ ಜಿಲ್ಲೆಯಲ್ಲಿ ಸಾವಿರಾರು. ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿಂದಾಗಿ ಇನ್ನಷ್ಟು ಮನೆಗಳು ಪರಿಹಾರದ ಹಣಕ್ಕೆ ಕಾಯುತ್ತಿವೆ. ಒಂದೇ ತಾಟಿನಲ್ಲಿ ಉಂಡ ಅಣ್ಣತಮ್ಮಂದಿರು ಉತಾರದಲ್ಲಿ ಯಾರ ಹೆಸರು ಮೊದಲಿದೆ ಎಂಬ ಕಾರಣಕ್ಕೆ ಮಾತು ಬಿಡುತ್ತಾರೆ. ಉತಾರ ಎಂದರೆ ಜಮೀನು ಯಾರ ಹೆಸರಿಗಿದೆ ಎಂದು ತೋರಿಸುವ ದಾಖಲೆ. ಒಂದೇ ಚರ್ಚಿನಲ್ಲಿ ಒಬ್ಬ ಬಲಗಡೆಯ ಬೆಂಚಿನಲ್ಲಿ, ಇನ್ನೊಬ್ಬ ಎಡಗಡೆಯ ಬೆಂಚಿನಲ್ಲಿ ಕೂರುತ್ತಾರೆ. ಇಬ್ಬರೂ ‘ಹಣದ ಪ್ರಶ್ನೆ ಅಲ್ಲ, ನ್ಯಾಯದ ಪ್ರಶ್ನೆ’ ಎನ್ನುತ್ತಾರೆ.

ಇಂಥ ಒಬ್ಬ ತಮ್ಮ ಯೇಸುವಿನ ಬಳಿಗೂ ಬಂದಿದ್ದನು (ಲೂಕ 12:13-21). ಗುರುವೇ, ಪಾಲು ಮಾಡಿಕೊಡುವಂತೆ ನನ್ನ ಅಣ್ಣನಿಗೆ ಹೇಳು ಎಂದನು. ಬಹುಶಃ ಅವನ ಬೇಡಿಕೆ ಕಾನೂನಿನ ಪ್ರಕಾರ ಸರಿಯೇ ಇದ್ದೀತು. ಆದರೂ ಯೇಸು ನ್ಯಾಯಾಧೀಶನಾಗಲು ಒಪ್ಪಲಿಲ್ಲ. ಎಲ್ಲ ಬಗೆಯ ಲೋಭಕ್ಕೂ ದೂರವಾಗಿರಿ ಎಂದು ಎಚ್ಚರಿಸಿ, ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಿಸಲು ಹೊರಟ ಐಶ್ವರ್ಯವಂತನ ಸಾಮ್ಯ ಹೇಳಿದನು. ಸಾಮ್ಯ ಎಂದರೆ ಬೋಧನೆಗಾಗಿ ಹೇಳಿದ ಕಥೆ. ಬೆಳೆದದ್ದನ್ನೆಲ್ಲ ತುಂಬಿಡಲು ಅವನು ಯೋಚಿಸಿದ ರಾತ್ರಿಯೇ ಅವನ ಪ್ರಾಣ ಕೇಳಲ್ಪಟ್ಟಿತು.

ಹಾಗೆಂದು ನಿಮ್ಮ ಪಾಲನ್ನು ಬಿಟ್ಟುಕೊಡಿ ಎಂದು ಹೇಳುತ್ತಿಲ್ಲ. ಪಾಲು ಕೇಳಿದ ವಿಧವೆಗೆ, ತವರಿನ ಹಕ್ಕು ಕೇಳಿದ ಮಗಳಿಗೆ ಈ ವಚನವನ್ನು ತೋರಿಸಿ ಬಾಯಿ ಮುಚ್ಚಿಸುವುದು ಪಾಪ. ಅದನ್ನು ಮಾಡುವವರು ಸಾಮಾನ್ಯವಾಗಿ ಪಾಲನ್ನು ಕೈಯಲ್ಲಿ ಹಿಡಿದವರೇ ಆಗಿರುತ್ತಾರೆ. ದಾವೆ ನಡೆಯಲಿ. ನೀವು ನೋಡಿಕೊಳ್ಳಬೇಕಾದದ್ದು ಇಷ್ಟು: ನಾಳೆ ತೀರ್ಪು ನಿಮ್ಮ ವಿರುದ್ಧವಾದರೆ ಭಾನುವಾರ ಹಾಡಲು ಬಾಯಿ ಬರುತ್ತದೆಯೇ?

ಭಯದ ಪ್ರಶ್ನೆಯಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಅಗತ್ಯದ ಅಂಜಿಕೆಯನ್ನು ವಿಗ್ರಹಾರಾಧನೆ ಎಂದು ಬರೆದುಕೊಳ್ಳಬೇಡಿ. ಸೋಮವಾರ ಬೆಳಿಗ್ಗೆ ಫೈನಾನ್ಸಿನವರು ಬಾಗಿಲಿಗೆ ಬರುತ್ತಾರೆ, ಕಂತಿಗೆ ಹಣವಿಲ್ಲ ಎಂದು ನಿದ್ದೆ ಬಾರದ ತಾಯಿಗೆ ‘ನೀನು ದೇವರಿಗಿಂತ ಹಣವನ್ನು ಹೆಚ್ಚು ನೆನೆಯುತ್ತೀ’ ಎಂದು ಹೇಳುವುದು ಕ್ರೌರ್ಯ. ಬಡತನವನ್ನಾಗಲಿ ಐಶ್ವರ್ಯವನ್ನಾಗಲಿ ಕೊಡಬೇಡ, ನನಗೆ ತಕ್ಕಷ್ಟು ಆಹಾರ ಕೊಡು ಎಂದು ಬೇಡಿದವನು (ಜ್ಞಾನೋಕ್ತಿ 30:8-9) ಬಡತನವೂ ಮನುಷ್ಯನನ್ನು ಕೆಡಿಸಬಲ್ಲದು ಎಂದು ಬಲ್ಲವನಾಗಿದ್ದನು. ಗುರುತಿಸುವ ಬಗೆ ಸರಳ: ಬೇಕಾದಷ್ಟು ಸಿಕ್ಕಾಗ ಕಡಿಮೆಯಾಗುವ ಭಯ ಅಗತ್ಯದ್ದು, ಸಿಕ್ಕಷ್ಟೂ ಹೆಚ್ಚಾಗುವ ಭಯ ಗಂಟಿನದು.

ಹಂತ 5: ಒಳ್ಳೆಯ ವಸ್ತುಗಳ ಕಡೆಗೆ ತಿರುಗಿ

ಕುಡಿತ, ಜೂಜು ಇತ್ಯಾದಿಗಳನ್ನು ಎಲ್ಲರೂ ಬೇಗ ಗುರುತಿಸುತ್ತಾರೆ. ಕಣ್ಣಿಗೆ ಬೀಳದೆ ಕೂರುವುದು ಒಳ್ಳೆಯ ವಸ್ತು. ಹತ್ತು ಆಜ್ಞೆಗಳಲ್ಲಿ ಮೊದಲನೆಯದನ್ನು 1529ರಲ್ಲಿ ವಿವರಿಸುತ್ತಾ ಮಾರ್ಟಿನ್ ಲೂಥರ್, ನಿನ್ನ ಹೃದಯ ಯಾವುದಕ್ಕೆ ಅಂಟಿಕೊಂಡಿದೆಯೋ, ಯಾವುದರ ಮೇಲೆ ಭಾರ ಹಾಕಿದೆಯೋ ಅದೇ ನಿನ್ನ ದೇವರು ಎಂಬ ಅರ್ಥದ ಮಾತು ಹೇಳಿದ್ದಾನೆ. ಅವನ ಪಟ್ಟಿಯಲ್ಲಿ ಹಣದ ಜೊತೆಗೆ ವಿದ್ಯೆ, ಜಾಣತನ, ಬಂಧುಬಳಗ, ಗೌರವವೂ ಇವೆ. ನಮ್ಮ ಕಡೆಗೆ ಮೂರನ್ನು ವಿಶೇಷವಾಗಿ ನೋಡಬೇಕು.

ಮಕ್ಕಳು ಮೊದಲನೆಯದು. ಹತ್ತನೆಯ ತರಗತಿಯ ಅಂಕ ಬಂದ ದಿನ ಮನೆಯಲ್ಲಿ ಏನಾಯಿತು? ಮಗನ ನೀಟ್ ಕೋಚಿಂಗಿಗಾಗಿ ಎರಡು ವರ್ಷ ಭಾನುವಾರದ ಆರಾಧನೆಯನ್ನು ಬಿಡಿಸಿ, ಪರೀಕ್ಷೆಯ ಹಿಂದಿನ ದಿನ ಮಾತ್ರ ಪಾಸ್ಟರನ್ನು ಕರೆಸಿ ತಲೆಯ ಮೇಲೆ ಕೈ ಇಡಿಸಿದರೆ, ಆ ಮನೆಯಲ್ಲಿ ಯಾರು ಯಾರ ಸೇವೆ ಮಾಡುತ್ತಿದ್ದಾರೆ ಎಂದು ಕೇಳಿಕೊಳ್ಳಬೇಕು. ಅಬ್ರಹಾಮನಿಗೆ ಮೋರೀಯ ದೇಶದ ಬೆಟ್ಟದ ಮೇಲೆ ಎದುರಾದ ಪರೀಕ್ಷೆಯಲ್ಲಿ (ಆದಿಕಾಂಡ 22) ಇಸಾಕನು ಪಾಪದ ವಸ್ತುವಾಗಿರಲಿಲ್ಲ, ದೇವರೇ ಕೊಟ್ಟ ವಾಗ್ದಾನದ ಮಗನಾಗಿದ್ದನು. ಇದರ ಅರ್ಥ ಮಕ್ಕಳನ್ನು ಕಡಿಮೆ ಪ್ರೀತಿಸಬೇಕು ಎಂದಲ್ಲ. ಪ್ರೀತಿಗಳಿಗೆ ಒಂದು ಕ್ರಮವಿದೆ, ಆ ಕ್ರಮ ತಪ್ಪಿದಾಗ ಒಳ್ಳೆಯ ಪ್ರೀತಿಯೂ ಕೆಡುತ್ತದೆ ಎಂದು ಸಂತ ಅಗಸ್ಟೀನರು ಕಲಿಸಿದರು. ಮಗುವಿನ ಮೇಲೆ ದೇವರ ಭಾರ ಹೊರಿಸಿದರೆ ಮಗುವೇ ಕುಸಿಯುತ್ತದೆ.

ಎರಡನೆಯದು ಮರ್ಯಾದೆ. ನಾಲ್ಕು ಮಂದಿ ಏನೆಂದಾರು ಎಂಬ ಒಂದೇ ಪ್ರಶ್ನೆಗಾಗಿ ಸಾಲ ಮಾಡಿ ಮದುವೆ ಮಾಡುವ ಕುಟುಂಬಗಳು ಎಲ್ಲ ಧರ್ಮಗಳಲ್ಲೂ ಇವೆ, ನಮ್ಮಲ್ಲೂ ಕಡಿಮೆಯಿಲ್ಲ.

ಮೂರನೆಯದನ್ನು ಹೇಳಿದರೆ ಕೆಲವರಿಗೆ ಬೇಸರವಾದೀತು: ಸೇವೆ. ಸಭಾ ಕಮಿಟಿಯ ಸ್ಥಾನ, ಗಾಯನ ತಂಡದಲ್ಲಿ ಮೈಕಿನ ಹತ್ತಿರದ ಜಾಗ, ಮಹಿಳಾ ಕೂಟದ ಖಜಾಂಚಿ ಹುದ್ದೆ. ಈ ವರ್ಷ ನಿಮ್ಮನ್ನು ಆರಿಸಲಿಲ್ಲ ಎಂದಿಟ್ಟುಕೊಳ್ಳಿ. ಮುಂದಿನ ಭಾನುವಾರ ಎಂದಿನಂತೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ಆರಾಧಿಸಬಲ್ಲಿರಾ? ಇದಕ್ಕೆ ಉತ್ತರ ಬರೆದ ಮೇಲೆಯೇ ಮುಂದಿನ ಹಂತಕ್ಕೆ ಹೋಗಿ.

ಹಂತ 6: ಒಂದೇ ಸಾಲಿನಲ್ಲಿ ಹೆಸರಿಸಿ, ಒಬ್ಬರಿಗೆ ಹೇಳಿ

ಐದನೆಯ ಅಥವಾ ಆರನೆಯ ದಿನ ಹಿಂದಿನ ಪುಟಗಳನ್ನು ಒಮ್ಮೆಗೇ ಓದಿ. ಮೂರನೆಯ ಕಾಲಮ್ಮಿನಲ್ಲಿ, ಖಾಲಿ ಹೊತ್ತಿನಲ್ಲಿ, ಸಿಟ್ಟಿನಲ್ಲಿ, ಭಯದಲ್ಲಿ ಯಾವ ಹೆಸರು ಎರಡು ಮೂರು ಕಡೆ ಕಾಣಿಸುತ್ತದೆ? ಅದೇ ನೀವು ಹುಡುಕುತ್ತಿರುವುದು. ‘ನನ್ನಲ್ಲಿ ಲೋಭವಿದೆ’ ಎಂದು ಬರೆಯಬೇಡಿ, ಅದು ಯಾರಿಗಾದರೂ ಹೊಂದುವ ಮಾತು. ‘ತಮ್ಮನಿಗಿಂತ ದೊಡ್ಡ ಮನೆ ಕಟ್ಟಿಸಬೇಕು ಎಂಬುದನ್ನು ದೇವರಿಗಿಂತ ಹೆಚ್ಚು ಬಯಸುತ್ತೇನೆ’ ಎಂದು ಬರೆಯಿರಿ. ಒಂದೇ ಸಾಲು. ಹತ್ತು ಹೆಸರು ಬರೆದವರು ಹತ್ತರಲ್ಲಿ ಒಂದನ್ನೂ ಮುಟ್ಟುವುದಿಲ್ಲ.

ಆಮೇಲೆ ಅದನ್ನು ಒಬ್ಬರಿಗೆ ಹೇಳಿ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ, ಗುರುಗಳು ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಸಿ.ಎಸ್.ಐ., ಮೆಥೊಡಿಸ್ಟ್ ಮತ್ತಿತರ ಸಭೆಗಳವರು ಸಭಾಪಾಲಕರ ಬಳಿ ಅಥವಾ ಪಕ್ವ ವಿಶ್ವಾಸಿಯ ಬಳಿ ಹೋಗಬಹುದು. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿರಿ ಎಂದು ಯಾಕೋಬನು ಬರೆದದ್ದು ಎಲ್ಲರಿಗೂ (5:16). ಆಯ್ಕೆಯಲ್ಲಿ ಜಾಣತನವಿರಲಿ. ಮನೆಕೂಟದಲ್ಲಿ ಎದ್ದು ನಿಂತು ಸಾಕ್ಷಿಯ ರೂಪದಲ್ಲಿ ಹೇಳುವುದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಾರ್ಥನಾ ಮನವಿಯಾಗಿ ಹಾಕುವುದು ಬೇಡ. ಅದು ಬೇಗನೆ ಪ್ರದರ್ಶನವಾಗುತ್ತದೆ, ಊರಿನ ಬಾಯಿಗೂ ಬೀಳುತ್ತದೆ.

ಈ ಹಂತದಲ್ಲಿ ಕೆಲವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ಎಷ್ಟು ಅಗೆದರೂ ಇನ್ನೂ ಪಾಪ ಉಳಿದಿದೆ ಎನಿಸುತ್ತದೆ, ಕ್ಷಮೆ ಸಿಕ್ಕಿತೆಂದು ನಂಬಿಕೆ ಬರುವುದಿಲ್ಲ, ಅದೇ ಸಾಲನ್ನು ಮತ್ತೆ ಮತ್ತೆ ಅರಿಕೆಮಾಡುತ್ತಾರೆ. ಕಥೋಲಿಕ ಗುರುಗಳು ಇದನ್ನು ಸ್ಕ್ರೂಪಲ್ಸ್ ಎನ್ನುತ್ತಾರೆ, ಅಂದರೆ ಇಲ್ಲದ ಪಾಪವೂ ಕಾಣುವ ಮನಸ್ಸಿನ ಕಳವಳ. ನಿಮ್ಮ ಸ್ವಭಾವ ಹೀಗಿದ್ದರೆ ಪುಸ್ತಕವನ್ನು ಇಲ್ಲಿಗೇ ಮುಚ್ಚಿ, 1 ಯೋಹಾನ 3:20 ಓದಿ. ನಮ್ಮ ಹೃದಯ ನಮ್ಮನ್ನು ದೋಷಿಗಳೆಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂದು ಅಲ್ಲಿದೆ. ನಿದ್ದೆ, ಊಟ ಕೆಡುವಷ್ಟು ಕಳವಳವಿದ್ದರೆ ಗುರುಗಳ ಜೊತೆಗೆ ವೈದ್ಯರನ್ನೂ ಕಾಣಿ. ಅದು ವಿಶ್ವಾಸದ ಕೊರತೆಯಲ್ಲ.

ಹಂತ 7: ಗಂಟನ್ನು ಸ್ವಲ್ಪ ಸರಿಸಿ

ಬಹಳ ಜನ ಆರನೆಯ ಹಂತಕ್ಕೇ ನಿಲ್ಲುತ್ತಾರೆ. ಅತ್ತರೆ ಆಯಿತು, ಮನಸ್ಸು ಹಗುರವಾಯಿತು. ಎರಡು ವಾರಕ್ಕೆ ಎಲ್ಲ ಮೊದಲಿನಂತೆ. ಗಂಟು ಇದ್ದಲ್ಲೇ ಇದ್ದರೆ ಮನಸ್ಸು ಅಲ್ಲಿಗೇ ಮರಳುತ್ತದೆ.

ಜಕ್ಕಾಯನ ಕಥೆಯಲ್ಲಿ (ಲೂಕ 19:1-10) ಅವನು ಎಷ್ಟು ಅತ್ತನು ಎಂಬ ವಿವರ ಇಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂಬ ಲೆಕ್ಕವಿದೆ. ಇದಕ್ಕೆ ಎದುರಾಗಿ ಮಾರ್ಕ 10ರಲ್ಲಿ ಬರುವ ಶ್ರೀಮಂತನು ಆಜ್ಞೆಗಳನ್ನೆಲ್ಲ ಪಾಲಿಸಿದವನು, ಯೇಸುವಿನ ಮುಂದೆ ಮೊಣಕಾಲೂರಿದವನು. ಮಾರಿಬಿಡು ಎಂಬ ಮಾತು ಬಂದಾಗ ಅವನ ಮುಖ ಬಾಡಿತು, ಅವನು ಹೊರಟು ಹೋದನು.

ಎಲ್ಲರೂ ಎಲ್ಲವನ್ನೂ ಮಾರಬೇಕು ಎಂದು ಹೆಚ್ಚಿನ ಸಭೆಗಳು ಕಲಿಸುವುದಿಲ್ಲ. ಜಕ್ಕಾಯನಿಂದ ಅರ್ಧಕ್ಕಿಂತ ಹೆಚ್ಚನ್ನು ಯೇಸು ಕೇಳಲಿಲ್ಲ. ನಿಮ್ಮ ಸಾಲಿಗೆ ತಕ್ಕ ಒಂದು ಕೆಲಸ ಆರಿಸಿ. ಹಣವೇ ಗಂಟಾಗಿದ್ದರೆ, ಮೂರನೆಯ ಕಾಲಮ್ಮಿನ ಒಂದು ಸಾಲಿನಷ್ಟು ಹಣವನ್ನು ತಿರುಗಿ ಕೊಡಲಾರದವರಿಗೆ ಗುಟ್ಟಾಗಿ ಕೊಡಿ (ಮತ್ತಾಯ 6:3, ಲೂಕ 14:12-14). ಹೊಲಿಗೆ ಯಂತ್ರ ಕೆಟ್ಟ ಪಕ್ಕದ ಮನೆಯವಳು, ಡಯಾಲಿಸಿಸ್‌ಗೆಂದು ಬೆಳಗಾವಿಗೆ ಓಡಾಡುವವನ ಬಸ್ ಖರ್ಚು. ಅವರು ನಿಮ್ಮ ಧರ್ಮದವರೇ ಆಗಿರಬೇಕಿಲ್ಲ. ಆಸ್ತಿಯ ಸಿಟ್ಟಾಗಿದ್ದರೆ, ದಾವೆ ನಡೆಯುತ್ತಿರುವಾಗಲೇ ಅಣ್ಣನ ಮನೆಯ ಕಾಯಿಲೆಗೆ ಹೋಗಿ ನೋಡಿಕೊಂಡು ಬನ್ನಿ. ಸೇವೆಯ ಸ್ಥಾನವಾಗಿದ್ದರೆ, ಮೂರು ತಿಂಗಳು ಆ ಸ್ಥಾನವನ್ನು ಬಿಟ್ಟು ಆರಾಧನೆಯ ನಂತರ ಕುರ್ಚಿ ಜೋಡಿಸುವ ಕೆಲಸ ಕೇಳಿಕೊಳ್ಳಿ. ಮಕ್ಕಳಾಗಿದ್ದರೆ, ಭಾನುವಾರದ ಕೋಚಿಂಗ್ ತರಗತಿಯನ್ನು ಒಮ್ಮೆ ಬಿಡಿಸಿ ಮನೆಯವರೆಲ್ಲ ಕೂಡಿ ಚರ್ಚಿಗೆ ಹೋಗಿ, ಅಂಕದ ಮಾತೆತ್ತದೆ ಮಧ್ಯಾಹ್ನದ ಊಟ ಮಾಡಿ. ಈ ಕೊನೆಯದು ಹಣ ಕೊಡುವುದಕ್ಕಿಂತ ಕಷ್ಟ.

ಇಲ್ಲಿ ಎಚ್ಚರಿಕೆಗಳು ಹೆಚ್ಚು. ಮನಸ್ಸು ಮೆತ್ತಗಾದ ಹೊತ್ತಿನಲ್ಲಿ ಕೈ ಚಾಚುವವರೂ ಇರುತ್ತಾರೆ.

ಇಷ್ಟು ಬಿತ್ತಿದರೆ ನೂರರಷ್ಟು ಬೆಳೆ, ಈ ಖಾತೆಗೆ ಹಾಕಿ ಎಂದು ಕೇಳುವ ಬೋಧಕರಿಗೆ ಈ ಹಣ ಕೊಡಬೇಡಿ. ದುಪ್ಪಟ್ಟಾಗಿ ಬರಲಿ ಎಂದು ಕೊಟ್ಟರೆ ಗಂಟು ಸರಿದಂತಾಗಲಿಲ್ಲ, ಬಡ್ಡಿಗೆ ಬಿಟ್ಟಂತಾಯಿತು.

ನಿಮ್ಮದಲ್ಲದ್ದನ್ನು ಕೊಡಬೇಡಿ. ಹೆಂಡತಿಯ ಬೋರಮಾಳ ಸರವನ್ನು ಗಂಡ, ಅಪ್ಪನ ಪಿಂಚಣಿಯನ್ನು ಮಗ ಭಕ್ತಿಯ ಹೆಸರಿನಲ್ಲಿ ದಾನ ಮಾಡುವುದು ದಾನವಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’ ಎಂದು ಹೇಳಿ, ಅಂದರೆ ದೇವರಿಗೆ ಮೀಸಲು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸು ಬಯಲಿಗೆಳೆದಿದ್ದಾನೆ (ಮಾರ್ಕ 7:9-13). ಸಾಲವಿದ್ದರೆ ಮೊದಲು ಸಾಲ. ಕೂಲಿ ಬಾಕಿ ಇದ್ದರೆ ಎಲ್ಲಕ್ಕಿಂತ ಮೊದಲು ಅದು.

ದೊಡ್ಡ ತೀರ್ಮಾನಗಳನ್ನು, ಅಂದರೆ ಪ್ಲಾಟು ಮಾರುವುದು, ನೌಕರಿ ಬಿಡುವುದು ಇತ್ಯಾದಿಗಳನ್ನು ಈ ವಾರದೊಳಗೆ ಮಾಡಲೇಬೇಡಿ. ಒಂದು ತಿಂಗಳಾದರೂ ಕಾಯಿರಿ, ಮನೆಯವರೊಂದಿಗೆ ಮಾತನಾಡಿ.

ವಾರ ಮುಗಿದ ಮೇಲೆ

ಇಡೀ ಪರಿಶೋಧನೆಯನ್ನು ವರ್ಷಕ್ಕೆ ಒಂದೆರಡು ಬಾರಿಗಿಂತ ಹೆಚ್ಚು ಮಾಡಬೇಡಿ. ದಿನದಿನಕ್ಕೆ ಯೇಸುಸಭೆಯವರ, ಅಂದರೆ ಜೆಸ್ವಿಟ್ ಎಂಬ ಕಥೋಲಿಕ ಗುರುಗಳ ಸಂಘದವರ ಕಿರು ಪದ್ಧತಿ ಸಾಕಾಗುತ್ತದೆ. ಬೆಳಗಾವಿಯ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದವರಿಗೆ ಆ ಗುರುಗಳ ಪರಿಚಯವಿರುತ್ತದೆ. ಅವರ ಸಂಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸರು 16ನೆಯ ಶತಮಾನದಲ್ಲಿ ಕಲಿಸಿದ ‘ಎಕ್ಸಾಮೆನ್’ ಎಂಬ ಈ ಕ್ರಮದಲ್ಲಿ ಐದು ಮೆಟ್ಟಿಲುಗಳಿವೆ: ದಿನದ ವರಗಳಿಗಾಗಿ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಬೆಳಿಗ್ಗೆಯಿಂದ ನಡೆದದ್ದರ ಅವಲೋಕನ, ತಪ್ಪಿಗೆ ಕ್ಷಮೆಯಾಚನೆ, ನಾಳೆಗಾಗಿ ಒಂದು ನಿಶ್ಚಯ. ಹತ್ತು ಹದಿನೈದು ನಿಮಿಷದ ಕೆಲಸ. ಪ್ರೊಟೆಸ್ಟೆಂಟರು ಇದನ್ನು ಬಳಸಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಬಳಸಬಹುದು, ಅದರಲ್ಲಿ ಸತ್ಯವೇದಕ್ಕೆ ವಿರುದ್ಧವಾದದ್ದು ಏನೂ ಇಲ್ಲ. ಕೃತಜ್ಞತೆಯ ಮೆಟ್ಟಿಲನ್ನು ಮಾತ್ರ ಹಾರಬೇಡಿ. ಅದನ್ನು ಬಿಟ್ಟು ನೇರವಾಗಿ ತಪ್ಪಿಗೆ ಇಳಿಯುವವರು ಬಹಳ ಬೇಗ ಬೇಸತ್ತು ಬಿಟ್ಟುಬಿಡುತ್ತಾರೆ.

ಬರೆದ ಪುಸ್ತಕವನ್ನು ಮನೆಯವರ ಕೈಗೆ ಸಿಗದ ಕಡೆ ಇಡಿ, ಬೇರೆಯವರ ಹೆಸರುಗಳಿರುವ ಪುಟಗಳನ್ನು ಹರಿದು ಹಾಕಿ. ಮುಂದಿನ ಬಾರಿ ಕಬ್ಬಿನ ಬಿಲ್ಲೋ ಸಂಬಳದ ಹೆಚ್ಚಳವೋ ಬಂದಾಗ ಹೊಸ ಪುಟದಲ್ಲಿ ಮೂರನೆಯ ಕಾಲಮ್ಮನ್ನು ಮಾತ್ರ ಬರೆಯಿರಿ, ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಒಂದು ಸಾಲು ಜಾಗ ಬದಲಿಸಿದ್ದರೂ ಅದಕ್ಕಾಗಿ ಸ್ತೋತ್ರ ಹೇಳಿ, ಬದಲಿಸಿರದಿದ್ದರೆ ಏಳನೆಯ ಹಂತದಿಂದ ಮತ್ತೆ ಶುರುಮಾಡಿ.